‘ಸಿಗಲಿಲ್ಲ’ ಎಂಬುದಕ್ಕೂ ಒಂದು ಅಳತೆಯಿದೆ

2024ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಸೌತ್ ಡಕೋಟಾದಿಂದ ಒಂದು ಸುದ್ದಿ ಬಂತು. ಅಲ್ಲಿ ಹೋಮ್‌ಸ್ಟೇಕ್ ಎಂಬ ಹಳೆಯ ಚಿನ್ನದ ಗಣಿಯಿದೆ. ಅದರೊಳಗೆ ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ ಲಕ್ಸ್-ಜೆಪ್ಲಿನ್ ಎಂಬ ಪ್ರಯೋಗ ನಡೆಯುತ್ತಿದೆ. ಏಳು ಟನ್ ದ್ರವ ಕ್ಸೆನಾನ್ ಇಟ್ಟುಕೊಂಡು, ಕಣ್ಣಿಗೆ ಕಾಣದ, ಗುರುತ್ವದಿಂದ ಮಾತ್ರ ಸುಳಿವು ಕೊಟ್ಟಿರುವ ಕಪ್ಪು ದ್ರವ್ಯದ ಕಣವೊಂದು ಬಂದು ಯಾವುದಾದರೂ ಕ್ಸೆನಾನ್ ಪರಮಾಣುವಿನ ನಡುವಿನ ತಿರುಳಿಗೆ, ಅಂದರೆ ನ್ಯೂಕ್ಲಿಯಸ್ಸಿಗೆ, ಬಡಿಯುತ್ತದೆಯೇ ಎಂದು ಕಾಯುವ ಪ್ರಯೋಗ ಅದು. 280 ದಿನಗಳ ದತ್ತಾಂಶವನ್ನು ಜಾಲಾಡಿದ ಮೇಲೆ ಅವರು ಪ್ರಕಟಿಸಿದ್ದು ಇಷ್ಟು: ಸಿಗಲಿಲ್ಲ.

ಸುದ್ದಿಯಾಗಿ ಓದಿದವರಿಗೆ ಅಲ್ಲಿಗೆ ಮುಗಿಯಿತು. ಆದರೆ ಆ ವರದಿಯಲ್ಲಿ ಒಂದು ಅಂಕಿಯೂ ಇತ್ತು: 2.2 × 10⁻⁴⁸ ಚದರ ಸೆಂಟಿಮೀಟರ್. ಬಿಂದುವಿನ ನಂತರ ನಲವತ್ತೇಳು ಸೊನ್ನೆ ಬರೆದು ಆಮೇಲೆ 22 ಎಂದು ಬರೆಯಬೇಕು. ಚದರ ಸೆಂಟಿಮೀಟರ್ ಎಂದರೆ ವಿಸ್ತೀರ್ಣ. ಯಾವುದರ ವಿಸ್ತೀರ್ಣ? ಕಾಣದೇ ಹೋದ ಕಣದ ವಿಸ್ತೀರ್ಣವನ್ನು ಅಳೆದವರು ಯಾರು? ಇಂದು ನಿಮ್ಮ ಮುಂದೆ ಬಿಡಿಸಿ ಹೇಳಬೇಕೆಂದಿರುವುದು ಈ ಒಂದು ಅಂಕಿಯನ್ನು. ಇದನ್ನು ಓದಲು ಬಂದರೆ ‘ಸಿಗಲಿಲ್ಲ’ ಎಂಬ ಸುದ್ದಿಯೊಳಗೆ ಎಷ್ಟು ತಿಳಿವಳಿಕೆ ತುಂಬಿದೆ ಎನ್ನುವುದು ಗೊತ್ತಾಗುತ್ತದೆ.

ಭೌತವಿಜ್ಞಾನಿಗಳು ಇದನ್ನು ಕ್ರಾಸ್ ಸೆಕ್ಷನ್ ಎನ್ನುತ್ತಾರೆ, ನಮ್ಮಲ್ಲಿ ಅಡ್ಡಛೇದ ಎಂದು ಬರೆಯುತ್ತೇವೆ. ಮಳೆ ಬರುವಾಗ ಅಂಗಳದಲ್ಲಿ ಕೆಲವು ತಂಬಿಗೆಗಳನ್ನು ಇಟ್ಟಿದ್ದೀರಿ ಎಂದುಕೊಳ್ಳಿ. ಎಷ್ಟು ಹನಿ ಒಳಗೆ ಬಿದ್ದವು ಎನ್ನುವುದು ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಮಳೆ ಎಷ್ಟು ಬಿರುಸಾಗಿದೆ, ಎಷ್ಟು ಹೊತ್ತು ಬಂತು, ತಂಬಿಗೆಗಳು ಎಷ್ಟು, ಒಂದೊಂದರ ಬಾಯಿ ಎಷ್ಟು ಅಗಲ. ನಾಲ್ಕನ್ನೂ ಗುಣಿಸಿದರೆ ಲೆಕ್ಕ ಸಿಗುತ್ತದೆ. ಇದನ್ನೇ ತಿರುಗಿಸಿ: ಬಿದ್ದ ಹನಿಗಳನ್ನು ಎಣಿಸಿದ್ದೀರಿ, ಮಳೆಯ ಬಿರುಸು, ಹೊತ್ತು, ತಂಬಿಗೆಗಳ ಸಂಖ್ಯೆ ಗೊತ್ತಿದೆ. ಆಗ ತಂಬಿಗೆಯನ್ನು ಕಣ್ಣಿನಿಂದ ನೋಡದೆಯೇ ಅದರ ಬಾಯಿಯ ವಿಸ್ತೀರ್ಣವನ್ನು ಹೇಳಬಹುದು. ಅಡ್ಡಛೇದವೆಂದರೆ ಆ ಬಾಯಿ.

1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ತೆಳುವಾದ ಲೋಹದ ಹಾಳೆಗೆ ಆಲ್ಫಾ ಕಣಗಳನ್ನು ಹೊಡೆದು, ಕೆಲವು ಕಣಗಳು ಹಿಂದಕ್ಕೆ ಪುಟಿಯುವುದನ್ನು ಕಂಡರು. ಯಾವ ಕೋನಕ್ಕೆ ಎಷ್ಟು ಕಣ ಹೋಗುತ್ತವೆ ಎನ್ನುವ ಲೆಕ್ಕವನ್ನು ರುದರ್‌ಫರ್ಡ್ 1911ರಲ್ಲಿ ಬರೆದರು. ನ್ಯೂಕ್ಲಿಯಸ್ ಎಂಬುದೊಂದು ಇದೆ ಎಂದು ನಮಗೆ ತಿಳಿದದ್ದು ಹೀಗೆ, ಎಣಿಕೆಯಿಂದ. ನ್ಯೂಕ್ಲಿಯಸ್ಸುಗಳ ಲೋಕದಲ್ಲಿ ಚದರ ಸೆಂಟಿಮೀಟರ್ ತೀರಾ ದೊಡ್ಡ ಅಳತೆ, ಹಾಗಾಗಿ 10⁻²⁴ ಚದರ ಸೆಂಟಿಮೀಟರನ್ನು ಒಂದು ಬಾರ್ನ್ ಎಂದು ಕರೆಯುತ್ತಾರೆ. ಕ್ಸೆನಾನ್ ನ್ಯೂಕ್ಲಿಯಸ್ಸಿನ ತ್ರಿಜ್ಯದಿಂದ ಲೆಕ್ಕ ಹಾಕಿದರೆ ಅದರ ವಿಸ್ತೀರ್ಣ ಸುಮಾರು 1.2 ಬಾರ್ನ್. ಈ ಅಂಕಿಯನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಡಿ.

ಈಗ ತಂಬಿಗೆಯನ್ನು ಪಕ್ಕಕ್ಕಿಡಬೇಕು. ತಂಬಿಗೆಯ ಬಾಯಿ ತಂಬಿಗೆಯದೇ. ಹನಿ ಬಿದ್ದರೂ ಅಷ್ಟೇ, ಕಲ್ಲು ಬಿದ್ದರೂ ಅಷ್ಟೇ. ಅಡ್ಡಛೇದ ಹಾಗಿಲ್ಲ, ಮತ್ತು ಇದನ್ನು ಕಲಿಸಿದ್ದೂ ಕ್ಸೆನಾನೇ.

1944ರ ಸೆಪ್ಟೆಂಬರ್ ಕೊನೆಯಲ್ಲಿ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ, ಕೊಲಂಬಿಯಾ ನದಿಯ ದಡದಲ್ಲಿ, ‘ಬಿ’ ಎಂಬ ಪರಮಾಣು ರಿಯಾಕ್ಟರ್ ಮೊದಲ ಬಾರಿಗೆ ಚಾಲನೆಗೊಂಡಿತು. ಭೌತವಿಜ್ಞಾನಿ ಎನ್ರಿಕೊ ಫರ್ಮಿ ಅಲ್ಲೇ ಇದ್ದರು. ಕೆಲವು ಗಂಟೆ ಚೆನ್ನಾಗಿ ನಡೆದ ರಿಯಾಕ್ಟರಿನ ಶಕ್ತಿ ಯಾರೂ ಏನೂ ಮಾಡದೆ ಇಳಿಯತೊಡಗಿತು. ನಿಯಂತ್ರಣ ಸರಳುಗಳನ್ನು ಹೊರಗೆಳೆದರೂ ಇಳಿಯಿತು, ಕೊನೆಗೆ ನಿಂತೇ ಹೋಯಿತು. ಕೆಲವು ಗಂಟೆ ಬಿಟ್ಟು ತಾನಾಗಿಯೇ ಮತ್ತೆ ಜೀವ ಪಡೆಯಿತು, ಮತ್ತೆ ಇಳಿಯಿತು. ಈ ಏರಿಳಿತದ ಅವಧಿಯನ್ನು ನೋಡಿ ಇನ್ನೊಬ್ಬ ಭೌತವಿಜ್ಞಾನಿ ಜಾನ್ ವೀಲರ್ ಕಾರಣವನ್ನು ಗುರುತಿಸಿದರು. ಯುರೇನಿಯಂ ಒಡೆದಾಗ ಹುಟ್ಟುವ ಚೂರುಗಳ ಸಾಲಿನಲ್ಲಿ ಅಯೋಡಿನ್-135 ಇದೆ. ಅದು ಸುಮಾರು ಆರೂವರೆ ಗಂಟೆಯ ಅರ್ಧಾಯುವಿನಲ್ಲಿ (ಇದ್ದದ್ದರಲ್ಲಿ ಅರ್ಧ ಬದಲಾಗಲು ಹಿಡಿಯುವ ಹೊತ್ತು) ಕ್ಸೆನಾನ್-135 ಆಗುತ್ತದೆ, ಕ್ಸೆನಾನ್-135 ಒಂಬತ್ತು ಗಂಟೆಯ ಅರ್ಧಾಯುವಿನಲ್ಲಿ ಕ್ಷಯಿಸುತ್ತದೆ. ಇರುವಷ್ಟು ಹೊತ್ತು ಅದು ರಿಯಾಕ್ಟರನ್ನು ನಡೆಸುವ ನ್ಯೂಟ್ರಾನ್‌ಗಳನ್ನು ನುಂಗುತ್ತದೆ.

ಎಷ್ಟು ನುಂಗುತ್ತದೆ ಎಂದರೆ, ನಿಧಾನ ನ್ಯೂಟ್ರಾನ್‌ಗಳಿಗೆ ಅದರ ಅಡ್ಡಛೇದ ಸುಮಾರು 26 ಲಕ್ಷ ಬಾರ್ನ್. ನ್ಯೂಕ್ಲಿಯಸ್ಸಿನ ಗಾತ್ರ 1.2 ಬಾರ್ನ್ ಎಂದೆ. ತನ್ನ ಮೈಯಗಲದ ಇಪ್ಪತ್ತು ಲಕ್ಷ ಪಟ್ಟು ದೊಡ್ಡದಾಗಿ ಅದು ನ್ಯೂಟ್ರಾನಿಗೆ ಎದುರಾಗುತ್ತದೆ. ಕ್ವಾಂಟಮ್ ಲೋಕದಲ್ಲಿ ನ್ಯೂಟ್ರಾನ್ ಒಂದು ಅಲೆಯೂ ಹೌದು. ನಿಧಾನವಾದಷ್ಟೂ ಅಲೆಯ ಉದ್ದ ಹೆಚ್ಚು. ರಿಯಾಕ್ಟರಿನ ನಿಧಾನ ನ್ಯೂಟ್ರಾನಿನ ಅಲೆ ನ್ಯೂಕ್ಲಿಯಸ್ಸಿನ ಅಗಲದ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಉದ್ದ. ಅದರ ಶಕ್ತಿ ನ್ಯೂಕ್ಲಿಯಸ್ಸಿನ ಒಂದು ಅನುರಣನ ಮಟ್ಟಕ್ಕೆ, ಅಂದರೆ ಅದು ತಾನಾಗಿ ಮಿಡಿಯುವ ಶಕ್ತಿಗೆ, ಸರಿಹೊಂದಿಬಿಟ್ಟರೆ ಇಡೀ ಅಲೆಯೇ ಒಳಕ್ಕೆ ಎಳೆದುಕೊಂಡಂತಾಗುತ್ತದೆ.

ಇನ್ನೂ ಬೆರಗಿನ ಸಂಗತಿ ಮುಂದಿನ ಹೆಜ್ಜೆಯಲ್ಲಿದೆ. ಒಂದು ನ್ಯೂಟ್ರಾನ್ ನುಂಗಿದ ಕ್ಸೆನಾನ್-135 ಈಗ ಕ್ಸೆನಾನ್-136 ಆಯಿತು. ಗಾತ್ರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ನಿಧಾನ ನ್ಯೂಟ್ರಾನನ್ನು ಹಿಡಿಯುವ ಅದರ ಅಡ್ಡಛೇದ ಒಂದು ಬಾರ್ನ್‌ನ ಕಾಲು ಭಾಗದಷ್ಟು ಮಾತ್ರ. ಕೋಟಿ ಪಟ್ಟು ಇಳಿಯಿತು! ಅಡ್ಡಛೇದ ಒಂದು ವಸ್ತುವಿನ ಗುಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಅದು ಇಬ್ಬರ ನಡುವಿನದು: ಯಾರು ಬಂದರು, ಯಾರ ಬಳಿ ಬಂದರು, ಎಷ್ಟು ವೇಗದಲ್ಲಿ ಬಂದರು, ಬಂದು ಏನು ಮಾಡಿದರು. ಈ ನಾಲ್ಕನ್ನೂ ಹೇಳದೆ ‘ಇದರ ಅಡ್ಡಛೇದ ಇಷ್ಟು’ ಎಂದರೆ ಅರ್ಥವಿಲ್ಲ. ಹ್ಯಾನ್‌ಫರ್ಡ್ ಉಳಿದದ್ದು ಇಂಜಿನಿಯರುಗಳ ಮುಂಜಾಗ್ರತೆಯಿಂದ. ವಿಜ್ಞಾನಿಗಳು ಕೇಳಿದ್ದು 1500 ಇಂಧನ ಕೊಳವೆ, ಡುಪಾಂಟ್ ಕಂಪನಿಯವರು 2004 ಕೊಳವೆಗಳಿಗೆ ಜಾಗ ಮಾಡಿಟ್ಟಿದ್ದರು. ಹೆಚ್ಚುವರಿ ಕೊಳವೆಗಳಿಗೂ ಇಂಧನ ತುಂಬಿ ಕ್ಸೆನಾನ್ ನುಂಗುವುದನ್ನು ಸರಿದೂಗಿಸಿದರು.

ಇದು ದೊಡ್ಡ ಅಡ್ಡಛೇದದ ಕಥೆಯಾಯಿತು. ಚಿಕ್ಕದರ ಕಡೆಗೆ ಹೋಗೋಣ.

1934ರಲ್ಲಿ ಹಾನ್ಸ್ ಬೆಥೆ ಮತ್ತು ರುಡಾಲ್ಫ್ ಪಯರ್ಲ್ಸ್ ನ್ಯೂಟ್ರಿನೊ ಎಂಬ ಕಣ ನ್ಯೂಕ್ಲಿಯಸ್ಸಿನ ಜೊತೆ ವರ್ತಿಸುವ ಅಡ್ಡಛೇದವನ್ನು ಅಂದಾಜು ಮಾಡಿದರು: 10⁻⁴⁴ ಚದರ ಸೆಂಟಿಮೀಟರಿಗಿಂತ ಕಡಿಮೆ. ಇಷ್ಟು ಚಿಕ್ಕದಾದರೆ ಈ ಕಣವನ್ನು ನೋಡುವ ಕಾರ್ಯಸಾಧ್ಯ ದಾರಿಯೇ ಇಲ್ಲ ಎಂಬ ತೀರ್ಮಾನಕ್ಕೂ ಬಂದರು. ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ರಿಯಾಕ್ಟರಿನಿಂದ ಹೊರಡುವ ಒಂದು ನ್ಯೂಟ್ರಿನೊ ಸರಾಸರಿ ಒಮ್ಮೆ ಬಡಿಯಬೇಕಾದರೆ ನೂರು ಜ್ಯೋತಿರ್ವರ್ಷಕ್ಕೂ ಹೆಚ್ಚು ದಪ್ಪದ ನೀರು ಬೇಕು. ಆದರೆ ಗುಣಾಕಾರದಲ್ಲಿ ನಾಲ್ಕು ಅಂಕಿಗಳಿವೆ ಎಂದು ಆಗಲೇ ನೋಡಿದೆವು. ಒಂದು ತೀರಾ ಚಿಕ್ಕದಿದ್ದರೆ ಇನ್ನೊಂದನ್ನು ತೀರಾ ದೊಡ್ಡದು ಮಾಡಬಹುದು. 1956ರಲ್ಲಿ ರೈನ್ಸ್ ಮತ್ತು ಕೋವನ್ ಅದನ್ನೇ ಮಾಡಿದರು. ಅಮೆರಿಕದ ಸವಾನಾ ನದಿಯ ಬಳಿಯ ರಿಯಾಕ್ಟರಿನಿಂದ ಒಂದೊಂದು ಚದರ ಸೆಂಟಿಮೀಟರಿನ ಮೂಲಕ ಸೆಕೆಂಡಿಗೆ ಹತ್ತು ಲಕ್ಷ ಕೋಟಿಯಷ್ಟು ನ್ಯೂಟ್ರಿನೊಗಳು ಹಾಯುತ್ತಿದ್ದವು. ಅವರಿಗೆ ಸಿಕ್ಕಿದ್ದು ಗಂಟೆಗೆ ಸುಮಾರು ಮೂರು. ಅಡ್ಡಛೇದ 6 × 10⁻⁴⁴ರ ಹತ್ತಿರ ಬಂತು.

ಅವರ ನೀರಿನ ತೊಟ್ಟಿಯಲ್ಲಿ ಕ್ಯಾಡ್ಮಿಯಂ ಲವಣ ಕರಗಿತ್ತು. ನ್ಯೂಟ್ರಿನೊ ಬಡಿದಾಗ ಹೊರಬರುವ ನ್ಯೂಟ್ರಾನನ್ನು ಹಿಡಿದು ಸಾಕ್ಷಿ ಹೇಳಲು ಅದು ಬೇಕಿತ್ತು. ಕ್ಯಾಡ್ಮಿಯಂ-113ರ ನ್ಯೂಟ್ರಾನ್ ಅಡ್ಡಛೇದ ಸುಮಾರು 20,000 ಬಾರ್ನ್. ಅತಿ ಚಿಕ್ಕ ಅಡ್ಡಛೇದವನ್ನು ಅಳೆಯಲು ಅತಿ ದೊಡ್ಡ ಅಡ್ಡಛೇದವನ್ನು ಅದೇ ತೊಟ್ಟಿಯಲ್ಲಿ ದುಡಿಸಿಕೊಂಡರು. ಪ್ರಯೋಗದ ಜಾಣತನ ಎಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಈ ಉಪ್ಪುನೀರು.

ಇಲ್ಲಿ ದಾರಿ ಬಿಟ್ಟು ಸ್ವಲ್ಪ ಕೋಲಾರಕ್ಕೆ ಹೋಗಿಬರಬೇಕು, ಏಕೆಂದರೆ ಈ ಕಥೆಯಲ್ಲಿ ನಮ್ಮ ನೆಲಕ್ಕೆ ದೊಡ್ಡ ಪಾಲಿದೆ. 1950ರ ದಶಕದ ಆರಂಭದಲ್ಲಿಯೇ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದ್ದ ಬಿ.ವಿ. ಶ್ರೀಕಂಠನ್ ಕೆ.ಜಿ.ಎಫ್. ಗಣಿಗೆ ಇಳಿದು, ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದಲ್ಲಿ ಹುಟ್ಟಿಸುವ ಮ್ಯೂಆನ್ ಎಂಬ ಕಣಗಳನ್ನು ಎಣಿಸತೊಡಗಿದರು. ಆಳಕ್ಕೆ ಹೋದಷ್ಟೂ ಎಣಿಕೆ ಇಳಿಯುತ್ತಿತ್ತು. 1960ರ ದಶಕದ ಮೊದಲಲ್ಲಿ 2.7 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಉಪಕರಣವಿಟ್ಟು ಸುಮಾರು ಎರಡು ತಿಂಗಳು ಕಾದರೆ ಒಂದು ಮ್ಯೂಆನ್ ಕೂಡ ಬರಲಿಲ್ಲ. ಯಾರಾದರೂ ಇದನ್ನು ಸೋಲು ಎಂದು ಬಗೆದು ಉಪಕರಣ ಕಟ್ಟಿ ಮೇಲೆ ಬರಬಹುದಿತ್ತು. ಅವರು ಆ ಸೊನ್ನೆಯನ್ನು ಓದಿದ ರೀತಿಯೇ ಬೇರೆ: ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಇನ್ನು ಏನಾದರೂ ಬಂದರೆ ಅದು ನ್ಯೂಟ್ರಿನೊದಿಂದಲೇ ಹುಟ್ಟಿರಬೇಕು! 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟ್‌ನಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಹಿಡಿಯಿತು. ಮೇಲಿನಿಂದ ಬರುವ ಮ್ಯೂಆನ್‌ಗಳು ನೆಟ್ಟಗೆ ಕೆಳಗಿಳಿಯುತ್ತವೆ. ಬಂಡೆಯೊಳಗೆ ನ್ಯೂಟ್ರಿನೊ ಬಡಿದು ಹುಟ್ಟಿಸಿದ ಮ್ಯೂಆನ್ ಅಡ್ಡಡ್ಡ ಬರಬಲ್ಲದು. ಅಡ್ಡ ಗೆರೆಗಳನ್ನು ಹುಡುಕಲೆಂದೇ ಗೋಡೆಯಂತೆ ನಿಲ್ಲಿಸಿದ, ಕಣ ಹಾದಾಗ ಮಿನುಗುವ ಸಿಂಟಿಲೇಟರುಗಳೂ ಅವುಗಳ ನಡುವೆ ನಿಯಾನ್ ಕೊಳವೆಗಳೂ ಅಲ್ಲಿದ್ದವು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿದ್ದ ರೈನ್ಸ್ ಅವರ ತಂಡವೂ ಅದೇ ವರ್ಷ, ಕೋಲಾರದವರ ಹಿಂದೆಯೇ, ಇದನ್ನು ಪ್ರಕಟಿಸಿತು.

ಸವಾನಾದಷ್ಟು ದಟ್ಟವಾದ ನ್ಯೂಟ್ರಿನೊ ಮಳೆ ಕೋಲಾರದಲ್ಲಿರಲಿಲ್ಲ. ಆದರೂ ಸಿಕ್ಕಿತು, ಏಕೆಂದರೆ ವಾತಾವರಣದ ನ್ಯೂಟ್ರಿನೊಗಳ ಶಕ್ತಿ ಬಹಳ ಹೆಚ್ಚು, ಮತ್ತು ಶಕ್ತಿ ಏರಿದಂತೆ ನ್ಯೂಟ್ರಿನೊದ ಅಡ್ಡಛೇದವೂ ಏರುತ್ತದೆ. ರಿಯಾಕ್ಟರಿನ ನ್ಯೂಟ್ರಿನೊಗೆ ಹೋಲಿಸಿದರೆ ಅದು ಲಕ್ಷ ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಅದೇ ಕಣ, ವೇಷ ಬದಲಾಗಿಲ್ಲ, ಶಕ್ತಿ ಬದಲಾಗಿದೆ ಅಷ್ಟೇ.

ಈಗ ಕಪ್ಪು ದ್ರವ್ಯಕ್ಕೆ ಬರೋಣ. ಅದು ಇದೆ ಎನ್ನಲು ಗುರುತ್ವದ ಸಾಕ್ಷಿಗಳು ಸಾಕಷ್ಟಿವೆ. ಕಾಣುವ ದ್ರವ್ಯದಿಂದ ವಿವರಿಸಲಾಗದ ವೇಗಗಳನ್ನು 1933ರಲ್ಲಿ ಫ್ರಿಟ್ಸ್ ಜ್ವಿಕಿ ಗೆಲಾಕ್ಸಿಗಳ ಗುಂಪೊಂದರಲ್ಲಿ ಕಂಡದ್ದು, 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯಲ್ಲಿ ಅಳೆದದ್ದು, ಆಮೇಲಿನ ಹಲವು ಬಗೆಯ ಅಳತೆಗಳು ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತವೆ. ನಮ್ಮ ಸೌರವ್ಯೂಹದ ಸುತ್ತ ಅದರ ಸಾಂದ್ರತೆ ಮೂರು ಘನ ಸೆಂಟಿಮೀಟರಿಗೆ ಸರಿಸುಮಾರು ಒಂದು ಪ್ರೋಟಾನಿನ ತೂಕದಷ್ಟು ಎಂದು ಅಂದಾಜು. ಕಪ್ಪು ದ್ರವ್ಯದ ಕಣ ಪ್ರೋಟಾನಿಗಿಂತ 40 ಪಟ್ಟು ಭಾರ ಎಂದು ಇಟ್ಟುಕೊಳ್ಳೋಣ. ಆಗ ಒಂದು ಲೀಟರ್ ಜಾಗದಲ್ಲಿ ಏಳೆಂಟು ಕಣಗಳಿರುತ್ತವೆ. ಸೂರ್ಯ ಗೆಲಾಕ್ಸಿಯನ್ನು ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದೆ, ನಾವು ಅದರ ಜೊತೆಗೆ. ಗುಣಿಸಿ ನೋಡಿ: ನಿಮ್ಮ ಅಂಗೈಯ ಒಂದೊಂದು ಚದರ ಸೆಂಟಿಮೀಟರಿನ ಮೂಲಕ ಪ್ರತಿ ಸೆಕೆಂಡಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಕಣಗಳು ಹಾದುಹೋಗುತ್ತಿವೆ. ಬರುವ ಕಣಗಳಿಗೆ ಕೊರತೆಯಿಲ್ಲ.

ಗುರಿಗಳಿಗೂ ಕೊರತೆಯಿಲ್ಲ. ಒಂದು ಟನ್ ಕ್ಸೆನಾನ್‌ನಲ್ಲಿ 4.6 × 10²⁷ ನ್ಯೂಕ್ಲಿಯಸ್ಸುಗಳಿವೆ. ಕ್ಸೆನಾನನ್ನೇ ಆರಿಸಿದ್ದಕ್ಕೆ ಕಾರಣಗಳು ಹಲವು, ಮುಖ್ಯವಾದ ಒಂದನ್ನು ಹೇಳುತ್ತೇನೆ. ಕಪ್ಪು ದ್ರವ್ಯದ ಕಣ ನಿಧಾನವಾಗಿ ಬಂದು ಮೆಲ್ಲನೆ ತಟ್ಟಿದರೆ, ಕ್ಸೆನಾನಿನ 131ರಷ್ಟು ಪ್ರೋಟಾನ್-ನ್ಯೂಟ್ರಾನ್‌ಗಳು ಬೇರೆ ಬೇರೆಯಾಗಿ ವರ್ತಿಸದೆ ಒಟ್ಟಾಗಿ ಪ್ರತಿಕ್ರಿಯಿಸುತ್ತವೆ. ಅಲೆಗಳು ಕೂಡಿಕೊಳ್ಳುತ್ತವೆ, ಸಂಭವನೀಯತೆ ಕೂಡಿದ್ದರ ವರ್ಗವಾಗುತ್ತದೆ: 131ರ ವರ್ಗ, ಅಂದರೆ 17,000ಕ್ಕೂ ಹೆಚ್ಚು. ಭಾರದ ಹೊಂದಾಣಿಕೆಯಿಂದ ಇನ್ನೊಂದು ಸಾವಿರ ಪಟ್ಟು ಸಿಗುತ್ತದೆ. ಹೀಗೆ ಒಂಟಿ ಪ್ರೋಟಾನಿಗೆ 2.2 × 10⁻⁴⁸ ಇರುವ ಅಡ್ಡಛೇದ ಇಡೀ ಕ್ಸೆನಾನ್ ನ್ಯೂಕ್ಲಿಯಸ್ಸಿಗೆ ಸುಮಾರು ಒಂದು ಕೋಟಿ ಎಪ್ಪತ್ತು ಲಕ್ಷ ಪಟ್ಟು ಹಿಗ್ಗಿ 4 × 10⁻⁴¹ ಆಗುತ್ತದೆ.

ನಾಲ್ಕೂ ಸಿಕ್ಕವು. ಬರುವ ಕಣಗಳ ಸಂಖ್ಯೆ, ನ್ಯೂಕ್ಲಿಯಸ್ಸುಗಳ ಸಂಖ್ಯೆ, ಅಡ್ಡಛೇದ, ಒಂದು ವರ್ಷದ ಮೂರು ಕೋಟಿ ಹದಿನೈದು ಲಕ್ಷ ಸೆಕೆಂಡು. ಗುಣಿಸಿದರೆ ಬರುವ ಉತ್ತರ: ಒಂದು ಟನ್ ಕ್ಸೆನಾನಿನಲ್ಲಿ ವರ್ಷಕ್ಕೆ ಸುಮಾರು ಒಂದು ಬಡಿತ. ಇದನ್ನು ನೀವೇ ಕಾಗದದ ಮೇಲೆ ಮಾಡಿ ನೋಡಬಹುದು, ದೊಡ್ಡ ಗಣಿತವೇನೂ ಬೇಡ.

ಲಕ್ಸ್-ಜೆಪ್ಲಿನ್ ವಿಶ್ಲೇಷಿಸಿದ್ದು 4.2 ಟನ್-ವರ್ಷದಷ್ಟು ದತ್ತಾಂಶ, ಅಂದರೆ 4.2 ಟನ್ ಕ್ಸೆನಾನ್ ಇಟ್ಟು ಒಂದು ವರ್ಷ ಕಾದಷ್ಟು. ಅಂದರೆ ಅಡ್ಡಛೇದ ಈ ಅಂಕಿಯಷ್ಟಿದ್ದಿದ್ದರೆ ನಾಲ್ಕು ಬಡಿತ ಆಗಬೇಕಿತ್ತು. ಬಡಿತದ ರಭಸ ಹೆಚ್ಚಿದಾಗ ನ್ಯೂಕ್ಲಿಯಸ್ ಒಟ್ಟಾಗಿ ವರ್ತಿಸುವುದು ಕಡಿಮೆಯಾಗುತ್ತದೆ, ತೀರಾ ಮೆಲ್ಲಗಿನ ಬಡಿತಗಳು ಉಪಕರಣಕ್ಕೆ ಕೇಳಿಸುವುದಿಲ್ಲ, ಹಾಗಾಗಿ ಕಾಣಬೇಕಾದದ್ದು ಇನ್ನೂ ಕಡಿಮೆ. ಸರಾಸರಿ 2.3 ಬಡಿತ ನಿರೀಕ್ಷೆಯಿರುವಾಗ ಅದೃಷ್ಟವಶಾತ್ ಒಂದೂ ಆಗದೇ ಇರುವ ಸಂಭವ ನೂರಕ್ಕೆ ಹತ್ತು. ಅದಕ್ಕೇ ಇಂಥ ವರದಿಗಳಲ್ಲಿ ‘ಶೇಕಡ 90 ವಿಶ್ವಾಸದಲ್ಲಿ’ ಎಂಬ ಮಾತಿರುತ್ತದೆ. ನಿಜವಾದ ವಿಶ್ಲೇಷಣೆಯಲ್ಲಿ ಹಿನ್ನೆಲೆಯ ವಿಕಿರಣದಿಂದ ಬಂದ ಘಟನೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅದು ಇದಕ್ಕಿಂತ ಬಹಳ ಸೂಕ್ಷ್ಮ ಕೆಲಸ. ತಿರುಳು ಮಾತ್ರ ಇದೇ: ಅಡ್ಡಛೇದ ಇದಕ್ಕಿಂತ ದೊಡ್ಡದಾಗಿದ್ದರೆ ಕಾಣಬೇಕಿತ್ತು, ಕಾಣಲಿಲ್ಲ, ಆದ್ದರಿಂದ ಇದಕ್ಕಿಂತ ಚಿಕ್ಕದು. ಆ ಅಂಕಿ ಮೇಲಿನ ಗಡಿ.

ಗಡಿ ಎಂದಮೇಲೆ ಅದನ್ನು ಎಳೆದಿರುವ ನೆಲವನ್ನೂ ನೋಡಬೇಕು. ನಾನು ಮಾಡಿದ ಗುಣಾಕಾರದಲ್ಲಿ ಸಾಂದ್ರತೆ, ವೇಗ, ಕಣದ ತೂಕ ಎಲ್ಲವೂ ಒಪ್ಪಿಕೊಂಡ ಊಹೆಗಳು. ಪ್ರೋಟಾನಿಗೂ ನ್ಯೂಟ್ರಾನಿಗೂ ಒಂದೇ ಬಗೆಯಲ್ಲಿ ಬಡಿಯುತ್ತದೆ ಎಂಬುದೂ ಊಹೆ. ತೂಕ ಬದಲಿಸಿದರೆ ಅಂಕಿ ಬದಲಾಗುತ್ತದೆ. ಹಾಗಾಗಿಯೇ ಈ ಫಲಿತಾಂಶ ಒಂದು ಅಂಕಿಯಾಗಿ ಬರುವುದಿಲ್ಲ, ತೂಕದ ಎದುರು ಎಳೆದ ಒಂದು ವಕ್ರರೇಖೆಯಾಗಿ ಬರುತ್ತದೆ. 2.2 × 10⁻⁴⁸ ಅದರ ಅತಿ ಕೆಳಗಿನ ಬಿಂದು.

ಇಟಲಿಯ ಗ್ರಾನ್ ಸಾಸೊ ಪರ್ವತದ ಕೆಳಗೆ ಡಾಮಾ ಎಂಬ ಪ್ರಯೋಗ ಸೋಡಿಯಂ ಅಯೋಡೈಡ್ ಹರಳುಗಳಲ್ಲಿ ವರ್ಷಕ್ಕೊಮ್ಮೆ ಏರಿ ಇಳಿಯುವ ಸಂಕೇತವನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ವರದಿ ಮಾಡಿತು. ಭೂಮಿ ಸೂರ್ಯನ ಸುತ್ತ ತಿರುಗುವುದರಿಂದ ಕಪ್ಪು ದ್ರವ್ಯದ ಎದುರು ನಮ್ಮ ವೇಗ ಜೂನ್ ಆರಂಭದಲ್ಲಿ ಹೆಚ್ಚಿರುತ್ತದೆ, ಸಂಕೇತವೂ ಹಾಗೆಯೇ ಇತ್ತು. ಕ್ಸೆನಾನ್ ಪ್ರಯೋಗಗಳು ಇದನ್ನು ಕಾಣಲಿಲ್ಲ. ಆದರೆ ಕ್ಸೆನಾನಿನ ಗಡಿಯನ್ನು ಸೋಡಿಯಂ, ಅಯೋಡಿನ್‌ಗಳ ಮೇಲೆ ಹೇರಬೇಕಾದರೆ ಮತ್ತೆ ಆ ಊಹೆಗಳೇ ಬೇಕು. ವಾದ ಹಾಗೆ ಮುಗಿಯುವುದಿಲ್ಲ. ಸ್ಪೇನಿನ ಅನಾಯ್ಸ್ ಮತ್ತು ಕೊರಿಯಾದ ಕೊಸೈನ್ ಪ್ರಯೋಗಗಳು ಅದೇ ಸೋಡಿಯಂ ಅಯೋಡೈಡನ್ನೇ ಬಳಸಿ ವರ್ಷಗಟ್ಟಲೆ ಅಳೆದವು, ಆ ಏರಿಳಿತ ಅವರಿಗೆ ಕಾಣಲಿಲ್ಲ. ಹರಳಿಗೆ ಹರಳನ್ನೇ ಎದುರಿಟ್ಟ ಈ ಉತ್ತರ ನನಗೆ ಕ್ಸೆನಾನಿನ ಎಷ್ಟೋ ಪಟ್ಟು ಬಲವಾದ ಗಡಿಗಿಂತ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ಈ ಗಡಿಗೆ ಮೇಲಿನಿಂದಲೂ ಒಂದು ಮಿತಿಯಿದೆ, ಇದನ್ನು ಅನೇಕರು ಗಮನಿಸುವುದಿಲ್ಲ. ಅಡ್ಡಛೇದ ಬಹಳ ದೊಡ್ಡದಾಗಿದ್ದರೆ ಕಣ ಗಣಿಯನ್ನು ತಲುಪುವ ಮೊದಲೇ ಮೇಲಿನ ಬಂಡೆಯಲ್ಲಿ ಬಡಿದು ಬಡಿದು ಶಕ್ತಿ ಕಳೆದುಕೊಳ್ಳುತ್ತದೆ. ಆಳದಲ್ಲಿ ಕುಳಿತ ಪ್ರಯೋಗಕ್ಕೆ ಆಗಲೂ ಸೊನ್ನೆಯೇ ಸಿಗುತ್ತದೆ. ಅಂಥ ಕಣವನ್ನು ಹುಡುಕಲು ನೆಲದ ಮೇಲೆ, ಆಕಾಶದಲ್ಲಿ ಉಪಕರಣ ಇಡಬೇಕು.

ಹಾಗಾದರೆ ಕಪ್ಪು ದ್ರವ್ಯಕ್ಕೆ ಯಾರೊಂದಿಗೂ ಏನೂ ಸಂಬಂಧವಿಲ್ಲವೇ ಎಂದು ನೀವು ಕೇಳಬಹುದು. ಅದರ ಅಡ್ಡಛೇದ ಚಿಕ್ಕದು ಎಂದು ಹೇಳಿದ್ದು ನಮ್ಮ ಪ್ರೋಟಾನ್-ನ್ಯೂಟ್ರಾನ್‌ಗಳ ಜೊತೆ. ತನ್ನೊಂದಿಗೆ ತಾನು? ಬುಲೆಟ್ ಕ್ಲಸ್ಟರ್ ಎಂಬಲ್ಲಿ ಗೆಲಾಕ್ಸಿಗಳ ಎರಡು ಗುಂಪುಗಳು ಡಿಕ್ಕಿ ಹೊಡೆದು ಒಂದರೊಳಗಿಂದ ಒಂದು ಹಾದುಹೋಗಿವೆ. ಅವುಗಳ ಬಿಸಿ ಅನಿಲ ಘರ್ಷಿಸಿ ಹಿಂದೆ ಉಳಿದಿದೆ, ಕಪ್ಪು ದ್ರವ್ಯ ಮುಂದಕ್ಕೆ ಸಾಗಿದೆ. ಅದರಿಂದ ಸಿಗುವ ಗಡಿ ಒಂದು ಗ್ರಾಂ ಕಪ್ಪು ದ್ರವ್ಯಕ್ಕೆ ಸುಮಾರು ಒಂದು ಚದರ ಸೆಂಟಿಮೀಟರ್. ಕಣ ಪ್ರೋಟಾನಿನಷ್ಟು ಭಾರವಿದ್ದರೆ ಇದು 1.7 ಬಾರ್ನ್ ಆಗುತ್ತದೆ. ಬಾರ್ನ್! ನ್ಯೂಕ್ಲಿಯಸ್ಸುಗಳ ಅಳತೆ. ನಮ್ಮ ಕಣಗಳನ್ನು 10⁻⁴⁸ರ ಮಟ್ಟದಲ್ಲೂ ಮುಟ್ಟದ ಕಣಗಳು ತಮ್ಮತಮ್ಮಲ್ಲಿ ನ್ಯೂಟ್ರಾನ್‌ಗಳಷ್ಟು ಗಟ್ಟಿಯಾಗಿ ಡಿಕ್ಕಿ ಹೊಡೆಯುತ್ತಿದ್ದರೂ ಬುಲೆಟ್ ಕ್ಲಸ್ಟರಿನ ಸಾಕ್ಷಿ ಅದನ್ನು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ಒಂದೇ ಕಣ, ಎರಡು ಅಡ್ಡಛೇದ. ಕ್ಸೆನಾನ್-135 ಹೇಳಿಕೊಟ್ಟ ಪಾಠ ಇಲ್ಲೂ ಲಾಗುವಾಗುತ್ತದೆ.

ಈ ಹುಡುಕಾಟ ಎಲ್ಲಿಂದ ಎಲ್ಲಿಗೆ ಬಂದಿದೆ ಎಂದು ನೋಡಿ. 1985ರಲ್ಲಿ ಗುಡ್‌ಮನ್ ಮತ್ತು ವಿಟನ್ ಇಂಥ ಪ್ರಯೋಗ ಸಾಧ್ಯ ಎಂದು ಬರೆದರು. 1987ರಲ್ಲಿ ಅದೇ ಹೋಮ್‌ಸ್ಟೇಕ್ ಗಣಿಯಲ್ಲಿ ಜರ್ಮೇನಿಯಂ ಉಪಕರಣವೊಂದು ಮೊದಲ ‘ಸಿಗಲಿಲ್ಲ’ ಹೇಳಿತು. ಭಾರವಾದ ನ್ಯೂಟ್ರಿನೊ ಒಂದೇ ಕಪ್ಪು ದ್ರವ್ಯವಾಗಿರಬಹುದು ಎಂಬುದು ಆ ಕಾಲದ ಗಟ್ಟಿ ಊಹೆ. ಅಂಥ ಕಣಕ್ಕೆ ನ್ಯೂಟ್ರಾನಿನ ಜೊತೆ ಅಡ್ಡಛೇದ 10⁻³⁹ರಿಂದ 10⁻³⁸ರ ಆಸುಪಾಸಿನಲ್ಲಿರಬೇಕಿತ್ತು. ಆ ಒಂದು ಸೊನ್ನೆಯಿಂದ ದೊಡ್ಡ ತೂಕದ ವ್ಯಾಪ್ತಿಯಲ್ಲಿ ಆ ಊಹೆ ಬಿದ್ದುಹೋಯಿತು. ಅಲ್ಲಿಂದ ಇಂದಿಗೆ ಒಂಬತ್ತು ಸೊನ್ನೆಗಳಷ್ಟು ಕೆಳಗೆ ಬಂದಿದ್ದೇವೆ. ಪ್ರತಿ ಮೆಟ್ಟಿಲಿನಲ್ಲೂ ಯಾರೋ ಶ್ರದ್ಧೆಯಿಂದ ಕಟ್ಟಿದ ಒಂದು ಸಿದ್ಧಾಂತ ಪರೀಕ್ಷೆಗೆ ಒಳಗಾಗಿದೆ. ಇದನ್ನು ವೈಫಲ್ಯಗಳ ಪಟ್ಟಿ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಸಭಿಕರೊಬ್ಬರು ಚೀಟಿಯಲ್ಲಿ ಕೇಳಿದ್ದಾರೆ: ಇದಕ್ಕೆ ಕೊನೆ ಇದೆಯೇ, ತೊಟ್ಟಿ ದೊಡ್ಡದು ಮಾಡುತ್ತಲೇ ಹೋಗುವುದೇ? ಒಂದು ಕಡೆ ಕೊನೆ ಹತ್ತಿರವಾಗುತ್ತಿದೆ. ಸೂರ್ಯನಲ್ಲಿ ಬೋರಾನ್-8ರಿಂದ ಹೊರಡುವ ನ್ಯೂಟ್ರಿನೊಗಳು ಕ್ಸೆನಾನ್ ನ್ಯೂಕ್ಲಿಯಸ್ಸನ್ನು ಇಡಿಯಾಗಿ ತಟ್ಟುತ್ತವೆ, ಹಗುರವಾದ ಕಪ್ಪು ದ್ರವ್ಯದ ಕಣ ತಟ್ಟಿದ ಹಾಗೆಯೇ. ಹೀಗೆ ಇಡಿಯಾಗಿ ತಟ್ಟುವುದನ್ನು 1974ರಲ್ಲಿ ಡೇನಿಯಲ್ ಫ್ರೀಡ್‌ಮನ್ ಊಹಿಸಿದ್ದರು, 2017ರಲ್ಲಿ ಓಕ್ ರಿಡ್ಜ್‌ನ ಪ್ರಯೋಗಾಲಯದಲ್ಲಿ ಅದು ಮೊದಲು ಕಂಡಿತು. 2024ರಲ್ಲಿ ಇಟಲಿಯ ಕ್ಸೆನಾನ್-ಎನ್‌ಟಿ ಮತ್ತು ಚೀನಾದ ಪಾಂಡಾ-ಎಕ್ಸ್ ಪ್ರಯೋಗಗಳು ಸೂರ್ಯನ ಈ ನ್ಯೂಟ್ರಿನೊಗಳ ಮೊದಲ ಸುಳಿವನ್ನು ವರದಿ ಮಾಡಿದವು. ಇನ್ನೂ ಕೆಳಗಿನ ಅಡ್ಡಛೇದಗಳಿಗೆ ಇಳಿದಂತೆ ಕಪ್ಪು ದ್ರವ್ಯದ ಸಂಕೇತವನ್ನು ಈ ನ್ಯೂಟ್ರಿನೊಗಳಿಂದ ಬೇರ್ಪಡಿಸುವುದು ಕಷ್ಟವಾಗುತ್ತಾ ಹೋಗುತ್ತದೆ.

ಇನ್ನೊಂದು ಕಡೆ ಜಾಗ ಇನ್ನೂ ತೆರೆದಿದೆ. ಪ್ರೋಟಾನಿಗಿಂತ ಹಗುರವಾದ ಕಣಗಳು ಭಾರದ ಕ್ಸೆನಾನನ್ನು ತಟ್ಟಿದರೆ ಅದು ಅಲ್ಲಾಡುವುದೇ ಇಲ್ಲವೆನ್ನುವಷ್ಟು ಕಡಿಮೆ. ಅಂಥವುಗಳಿಗೆ ಹಗುರ ನ್ಯೂಕ್ಲಿಯಸ್ಸು, ಎಲೆಕ್ಟ್ರಾನು, ಅತಿ ಶೀತಲ ಹರಳು ಬೇಕು. ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ ಕೋಲ್ಕತ್ತಾದ ಸಾಹಾ ಪರಮಾಣು ಭೌತವಿಜ್ಞಾನ ಸಂಸ್ಥೆಯವರು ನಡೆಸುತ್ತಿರುವ ಪ್ರಯೋಗಾಲಯದ ಗಮನವೂ ಹಗುರ ಕಣಗಳ ಮೇಲಿದೆ. ಆ ಪ್ರದೇಶದಲ್ಲಿ ಗಡಿರೇಖೆಗಳು ಕ್ಸೆನಾನಿನ ಅತಿ ಕೆಳಗಿನ ಬಿಂದುವಿಗಿಂತ ಎಷ್ಟೋ ಮೇಲಿವೆ. ಮುಂದಿನ ಬಾರಿ ಪತ್ರಿಕೆಯಲ್ಲಿ ‘ಕಪ್ಪು ದ್ರವ್ಯ ಸಿಗಲಿಲ್ಲ’ ಎಂದು ಓದಿದಾಗ ಮೂರು ಪ್ರಶ್ನೆ ಕೇಳಿ: ಯಾವ ತೂಕದ ಕಣ, ಯಾವುದಕ್ಕೆ ಬಡಿಯಬೇಕಿತ್ತು, ಅಡ್ಡಛೇದ ಎಷ್ಟಕ್ಕಿಂತ ಕಡಿಮೆ? ಈ ಮೂರಕ್ಕೆ ಉತ್ತರ ಆ ವರದಿಯಲ್ಲಿ ಇದ್ದೇ ಇರುತ್ತದೆ.